ಇಡೀ ಮನೆಯ ಜಾಹೀರಾತಿಗೆ ಒಂದು ಪುಟ್ಟ ಬೋರ್ಡು: ಕೊಳ್ಳುವ ಮೊದಲು ಫೈಬರ್ ಡಬ್ಬಿ ನೋಡಿ

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮದು ಕೂಡು ಕುಟುಂಬ. ಮನೆಯಲ್ಲಿ ಎಂಟು ಮೊಬೈಲು, ಎರಡು ಲ್ಯಾಪ್‌ಟಾಪು, ಒಂದು ಸ್ಮಾರ್ಟ್ ಟಿವಿ ಇವೆ. ನಮ್ಮ ತಂದೆಯವರು ಮೊಬೈಲಿನಲ್ಲಿ ಸುದ್ದಿ ಓದಲು ಕೂತರೆ ನಾಲ್ಕು ಸಾಲು ಸುದ್ದಿ, ಸುತ್ತ ಬರೀ ಜಾಹೀರಾತು. ಎಲ್ಲೋ ಬೆರಳು ತಾಗಿ "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅನ್ನೋ ಪುಟ ತೆರೆದು ಗಾಬರಿಯಾಗುತ್ತಾರೆ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾಸ್ಪ್‌ಬೆರಿ ಪೈ ಅನ್ನೋ ಚಿಕ್ಕ ಬೋರ್ಡ್ ತಂದು ರೂಟರ್ ಪಕ್ಕ ಇಟ್ಟರೆ ಇಡೀ ಮನೆಗೆ ಜಾಹೀರಾತು ಬರೋದು ನಿಲ್ಲುತ್ತೆ ಅಂತಾನೆ. ನಿಜವೇ? ಯೂಟ್ಯೂಬಿನದೂ ನಿಲ್ಲುತ್ತದೆಯೇ? ನಮ್ಮಲ್ಲಿ ಆಗಾಗ ಕರೆಂಟ್ ಹೋಗುತ್ತೆ. ಅದರಿಂದ ಏನಾದರೂ ತೊಂದರೆ ಇದೆಯೇ?

ಉತ್ತರ: ಯೂಟ್ಯೂಬ್ ವಿಷಯ ಮೊದಲು ಮುಗಿಸಿಬಿಡೋಣ. ನಿಲ್ಲುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗೆ ಬರುವ ಜಾಹೀರಾತೂ ನಿಲ್ಲುವುದಿಲ್ಲ. ಮನೆಯವರೆಲ್ಲರ ತಕರಾರು ಟಿವಿಯ ಯೂಟ್ಯೂಬ್ ಬಗ್ಗೆಯೇ ಇದ್ದರೆ ಬೋರ್ಡಿಗೆ ದುಡ್ಡು ಹಾಕಬೇಡಿ. ಆದರೆ ನಿಮ್ಮ ತಂದೆಯವರು ಓದುವ ಸುದ್ದಿ ಪುಟ, ಮಕ್ಕಳ ಗೇಮು, ಪಂಚಾಂಗದ ಆ್ಯಪು, ಟಿವಿಯ ಮುಖಪುಟದಲ್ಲಿ ತಾನಾಗಿ ಓಡುವ ಪಟ್ಟಿ, ಇವುಗಳ ಮಟ್ಟಿಗೆ ಹುಡುಗ ಹೇಳಿದ್ದು ಬಹುಪಾಲು ನಿಜ. ಅವನು ಹೇಳದೆ ಬಿಟ್ಟದ್ದು ಇಷ್ಟೇ: ಈ ಕೆಲಸದಲ್ಲಿ ಬೋರ್ಡು ಸುಲಭದ ಭಾಗ. ಸತಾಯಿಸುವುದು ನೆಟ್‌ನವರು ಗೋಡೆಗೆ ಹೊಡೆದು ಹೋಗಿರುವ ಆ ಬಿಳಿ ಫೈಬರ್ ಡಬ್ಬಿ. ಆಮೇಲೆ ಕರೆಂಟು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ನೋಡಿಕೊಳ್ಳಬೇಕಾದದ್ದು ಸಾಕಷ್ಟಿದೆ.

ಬೋರ್ಡು ಮಾಡುವ ಕೆಲಸ ಏನು ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಫೋನಿನಲ್ಲಿ ಯಾವ ಪುಟ ತೆರೆದರೂ ಅದು ಮೊದಲು ಆ ಸೈಟಿನ ಹೆಸರು ಕೊಟ್ಟು ಅದರ ವಿಳಾಸದ ನಂಬರು ಕೇಳುತ್ತದೆ. ಹೆಸರಿಗೆ ನಂಬರು ಹೇಳುವ ಏರ್ಪಾಡಿಗೆ ಡಿಎನ್‌ಎಸ್ ಅನ್ನುತ್ತಾರೆ. 1983ರಲ್ಲಿ ರೂಪುಗೊಂಡದ್ದು, ಇವತ್ತಿಗೂ ಇಂಟರ್‌ನೆಟ್ಟು ನಡೆಯುತ್ತಿರುವುದು ಅದರ ಮೇಲೆಯೇ. ಒಂದು ಸುದ್ದಿ ಪುಟ ತೆರೆದಾಗ ಫೋನು ಆ ಪತ್ರಿಕೆಯ ಹೆಸರೊಂದನ್ನೇ ಕೇಳುವುದಿಲ್ಲ. ಜಾಹೀರಾತು ಕಳಿಸುವವರು, ನೀವು ಏನು ನೋಡಿದಿರಿ ಅಂತ ಲೆಕ್ಕ ಇಡುವವರು, ಹೀಗೆ ಇನ್ನೂ ಹತ್ತಾರು ಹೆಸರು ಕೇಳುತ್ತದೆ. ಬೋರ್ಡಿನಲ್ಲಿ ಓಡುವ ಪೈ-ಹೋಲ್ ಎಂಬ ಉಚಿತ ಸಾಫ್ಟ್‌ವೇರ್ ಹತ್ತಿರ ಇಂಥ ಹೆಸರುಗಳ ದೊಡ್ಡ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರು ಕೇಳಿದರೆ ಸರಿಯಾದ ನಂಬರು ಕೊಡುತ್ತದೆ. ಪಟ್ಟಿಯಲ್ಲಿ ಇರುವ ಹೆಸರು ಕೇಳಿದರೆ 0.0.0.0 ಅನ್ನುತ್ತದೆ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ನಿಂತು ವಿಳಾಸ ಕೇಳಿದವನಿಗೆ "ಅಂಥಾ ಮನಿ ಇಲ್ಲಿ ಇಲ್ಲೇ ಇಲ್ರಿ" ಅಂದು ಕಳಿಸಿದ ಹಾಗೆ. ಜಾಹೀರಾತು ಬಂದ ಮೇಲೆ ಅಳಿಸುವುದಲ್ಲ, ಅದು ಹೊರಡುವುದೇ ಇಲ್ಲ.

ಯೂಟ್ಯೂಬ್ ಯಾಕೆ ನಿಲ್ಲುವುದಿಲ್ಲ ಅಂತಲೂ ಇದರಿಂದಲೇ ಗೊತ್ತಾಗುತ್ತದೆ. ಅಲ್ಲಿ ವಿಡಿಯೋ ಬರುವ ಹೆಸರುಗಳಿಂದಲೇ ಜಾಹೀರಾತೂ ಬರುತ್ತದೆ. ಹೆಸರು ತಡೆದರೆ ವಿಡಿಯೋ ಕೂಡ ಹೋಗುತ್ತದೆ. "ಈ ಪಟ್ಟಿ ಹಾಕಿದರೆ ಯೂಟ್ಯೂಬ್ ಜಾಹೀರಾತು ಬಂದ್" ಅಂತ ಹೇಳುವವರು ಸಿಗುತ್ತಾರೆ. ಹಾಕಿದವರಿಗೆ ಕೊನೆಗೆ ಸಿಗುವುದು ಅರ್ಧಂಬರ್ಧ ಓಡುವ ಯೂಟ್ಯೂಬ್, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ ಜಾಸ್ತಿ ಕೇಳಿಬರುತ್ತದೆ. "ಇಡೀ ಮನೆಯ ನೆಟ್ಟು ಆ ಪುಟ್ಟ ಬೋರ್ಡಿನ ಮೂಲಕ ಹೋದರೆ ಸ್ಪೀಡ್ ಕಡಿಮೆಯಾಗಲ್ವಾ?" ಇಲ್ಲ. ಬೋರ್ಡಿನ ಹತ್ತಿರ ಹೋಗುವುದು ಹೆಸರಿನ ಪ್ರಶ್ನೆ ಮಾತ್ರ. ಸಿನಿಮಾ, ವಿಡಿಯೋ ಕಾಲ್, ಡೌನ್‌ಲೋಡ್ ಎಲ್ಲ ಎಂದಿನ ದಾರಿಯಲ್ಲೇ ಹೋಗುತ್ತವೆ. ಅದಕ್ಕೇ ಹಳೆಯ, ನಿಧಾನದ ಬೋರ್ಡೂ ಈ ಕೆಲಸಕ್ಕೆ ಸಾಕು.

ಈಗ ಫೈಬರ್ ಡಬ್ಬಿ. ಮನೆಯ ಫೋನುಗಳಿಗೆಲ್ಲ "ಹೆಸರು ಕೇಳಬೇಕಾದರೆ ಇವರನ್ನು ಕೇಳಿ" ಅಂತ ಹೇಳಿಕೊಡುವುದು ಅದು. ಆ ಮಾತನ್ನು ಬದಲಿಸಿ ಬೋರ್ಡಿನ ವಿಳಾಸ ಹಾಕಲು ಆಗಬೇಕು. ಇವತ್ತು ಸಂಜೆಯೇ ನೋಡಿ, ಖರ್ಚಿಲ್ಲ. ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿ. ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಒಳಗೆ ಲ್ಯಾನ್ ಅಥವಾ ಡಿಎಚ್‌ಸಿಪಿ ಅನ್ನೋ ಪುಟ ಹುಡುಕಿ. ಮನೆಯ ಫೋನುಗಳಿಗೆ ವಿಳಾಸ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಅನ್ನುತ್ತಾರೆ. ಅಲ್ಲಿ ಡಿಎನ್‌ಎಸ್ ಅಂತ ಖಾಲಿ ಜಾಗ ಇದ್ದು, ನಂಬರು ಬದಲಿಸಿ ಉಳಿಸಲು ಬಿಟ್ಟರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅರ್ಧ ಗಂಟೆಯ ಕೆಲಸ.

ನಮ್ಮ ಊರುಗಳಲ್ಲಿ ಸಿಗುವ ಡಬ್ಬಿಗಳಲ್ಲಿ ಹಾಗೆ ಬಿಡದವೂ ಇವೆ. ಗ್ರಾಹಕರಿಗೆ ಕೊಡುವ ಲಾಗಿನ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಬದಲಿಸಬಹುದು, ಉಳಿದದ್ದಕ್ಕೆಲ್ಲ ಬೀಗ. ಆಗ ಮೊದಲು ಲೈನ್ ಹಾಕಿದ ಹುಡುಗನಿಗೆ ಫೋನ್ ಮಾಡಿ ಕೇಳಿ. ಕಾಲ್ ಸೆಂಟರಿಗಿಂತ ಅವನಿಂದಲೇ ಕೆಲಸ ಬೇಗ ಆಗುತ್ತದೆ. ಕೇಳುವಾಗ "ಡಿಎಚ್‌ಸಿಪಿಯೊಳಗಿನ ಡಿಎನ್‌ಎಸ್ ಬದಲಿಸಬೇಕು" ಅಂತ ನಿರ್ದಿಷ್ಟವಾಗಿ ಹೇಳಿ. ಸುಮ್ನೆ "ಜಾಹೀರಾತು ಬಂದ್ ಮಾಡಬೇಕು" ಅಂದರೆ ಅವನಿಗೂ ಗೊತ್ತಾಗುವುದಿಲ್ಲ.

ಅವನೂ ಕೈ ಎತ್ತಿದರೆ ಎರಡು ದಾರಿ. ಡಬ್ಬಿಯಲ್ಲಿ ಡಿಎಚ್‌ಸಿಪಿಯನ್ನೇ ನಿಲ್ಲಿಸಲು ಬಿಟ್ಟರೆ ಆ ಕೆಲಸವನ್ನೂ ಪೈ-ಹೋಲ್‌ಗೆ ವಹಿಸಬಹುದು, ಅದಕ್ಕೆ ಆ ಸೌಲಭ್ಯ ಇದೆ. ಆದರೆ ನೆನಪಿರಲಿ, ಆಗ ಬೋರ್ಡು ಕೆಟ್ಟ ದಿನ ಹೊಸ ಫೋನಿಗೆ ವೈಫೈ ಸಿಗುವುದೇ ಇಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಎರಡನೆಯದು: ಸ್ವಂತ ರೂಟರ್ ಒಂದನ್ನು ಡಬ್ಬಿಗೆ ತಂತಿಯಿಂದ ಜೋಡಿಸಿ, ಡಬ್ಬಿಯ ವೈಫೈ ಬಂದ್ ಮಾಡಿ, ಮನೆಯವರೆಲ್ಲ ಸ್ವಂತ ರೂಟರಿನ ವೈಫೈ ಬಳಸುವುದು. ಖರ್ಚು ಹೆಚ್ಚು, ನಿಜ. ಆದರೆ ನಾಳೆ ಕಂಪನಿ ಬದಲಿಸಿದರೂ ಮನೆಯ ವೈಫೈ ಹೆಸರು, ಪಾಸ್‌ವರ್ಡ್, ಸೆಟ್ಟಿಂಗು ಯಾವುದೂ ಬದಲಾಗುವುದಿಲ್ಲ. ದೊಡ್ಡ ಹಳೆಯ ಮನೆಯಾದರೆ ಹಿತ್ತಲ ಕೋಣೆಗೂ ಸಿಗ್ನಲ್ ಮುಟ್ಟುವಂಥ ರೂಟರನ್ನೇ ಆರಿಸಬಹುದು.

ಡಿಎನ್‌ಎಸ್ ಹಾಕುವ ಜಾಗದಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ. ಮೊದಲನೆಯದರಲ್ಲಿ ಬೋರ್ಡಿನ ವಿಳಾಸ ಹಾಕಿ, "ಇರಲಿ, ಬೋರ್ಡು ಕೈ ಕೊಟ್ಟರೆ" ಅಂತ ಎರಡನೆಯದರಲ್ಲಿ ಗೂಗಲ್‌ನ 8.8.8.8 ಹಾಕುವವರು ಬಹಳ. ಇದು ಕಾಯ್ದಿರಿಸಿದ ಸಾಲು ಅಲ್ಲ. ಫೋನುಗಳು ಎರಡನ್ನೂ ಮನಸ್ಸಿಗೆ ಬಂದಂತೆ ಬಳಸುತ್ತವೆ. ಒಮ್ಮೆ ಜಾಹೀರಾತು ಇಲ್ಲ, ಮತ್ತೊಮ್ಮೆ ಇದೆ, ಯಾಕೆ ಅಂತ ಗೊತ್ತಾಗದೆ ತಲೆ ಕೆಡುತ್ತದೆ. ಎರಡನೆಯ ಸಾಲು ಖಾಲಿ ಬಿಡಿ. ಖಾಲಿ ಬಿಡಲು ಒಪ್ಪದಿದ್ದರೆ ಅಲ್ಲೂ ಬೋರ್ಡಿನ ವಿಳಾಸವನ್ನೇ ಹಾಕಿ ನೋಡಿ.

ಇನ್ನು ಐಪಿವಿ6, ಅಂದರೆ ಇಂಟರ್‌ನೆಟ್ಟಿನ ವಿಳಾಸಗಳ ಹೊಸ ಮಾದರಿ. ನಮ್ಮ ದೇಶದಲ್ಲಿ ಇದರ ಬಳಕೆ ಜೋರಾಗಿದೆ. ಹೊರಗಿನವರು ಬರೆದ ಸಲಹೆಗಳನ್ನು ನೋಡಿ ಮಾಡಿದವರು ಎಡವುವುದು ಹೆಚ್ಚಾಗಿ ಇಲ್ಲೇ. ನೀವು ಡಬ್ಬಿಯಲ್ಲಿ ಹಳೆಯ ಮಾದರಿಯ, ಅಂದರೆ ಐಪಿವಿ4ರ ಡಿಎನ್‌ಎಸ್ ಬದಲಿಸಿರುತ್ತೀರಿ. ಡಬ್ಬಿ ಮಾತ್ರ ಇನ್ನೊಂದು ಕಡೆಯಿಂದ ಫೋನುಗಳಿಗೆ ಐಪಿವಿ6ರ ಡಿಎನ್‌ಎಸ್ ವಿಳಾಸವನ್ನೂ ಹಂಚುತ್ತಿರುತ್ತದೆ. ಫೋನು ಆ ದಾರಿ ಹಿಡಿದು ಬೋರ್ಡನ್ನು ಕೇಳದೆಯೇ ಹೋಗಿಬಿಡುತ್ತದೆ. ಪತ್ತೆ ಮಾಡುವುದು ಸುಲಭ. ಫೋನಿನ ವೈಫೈ ವಿವರ ತೆರೆದು ಡಿಎನ್‌ಎಸ್ ಅಂತ ಇರುವ ಕಡೆ ನೋಡಿ. ಬೋರ್ಡಿನ ವಿಳಾಸದ ಜೊತೆಗೆ ಎರಡೆರಡು ಚುಕ್ಕಿಗಳ ಉದ್ದನೆಯ ವಿಳಾಸವೂ ಕಂಡರೆ ಸೋರಿಕೆ ಅಲ್ಲೇ. ಡಬ್ಬಿಯಲ್ಲಿ ಐಪಿವಿ6 ಪುಟಕ್ಕೆ ಹೋಗಿ ಡಿಎನ್‌ಎಸ್ ಹಂಚುವುದನ್ನು ಮಾತ್ರ ನಿಲ್ಲಿಸಿ, ಇಲ್ಲವೇ ಅಲ್ಲಿ ಬೋರ್ಡಿನ ಐಪಿವಿ6 ವಿಳಾಸ ಹಾಕಿ. ಐಪಿವಿ6 ಅನ್ನೇ ಪೂರ್ತಿ ಬಂದ್ ಮಾಡುವುದು ಕೊನೆಯ ಉಪಾಯ. ಅದು ಇದ್ದರೆ ಒಳ್ಳೆಯದೇ, ಸುಮ್ನೆ ಕಳೆದುಕೊಳ್ಳಬೇಡಿ. ಐಪಿವಿ6 ವಿಳಾಸ ಬೇಕಾದರೂ ಫೋನು ಅದನ್ನು ಹಳೆಯ ದಾರಿಯಲ್ಲೇ ಕೇಳಬಹುದು, ಪೈ-ಹೋಲ್ ಎರಡಕ್ಕೂ ಉತ್ತರ ಕೊಡುತ್ತದೆ.

ಫೋನುಗಳಲ್ಲೂ ಒಂದು ಕಿಂಡಿ ಇದೆ. 2018ರ ಆಂಡ್ರಾಯ್ಡ್ 9ರಿಂದ ಈಚೆಗೆ ಪ್ರೈವೇಟ್ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ ಇದೆ. ಅಲ್ಲಿ ಯಾರಾದರೂ ಬೇರೆ ಹೆಸರು ಹಾಕಿಟ್ಟಿದ್ದರೆ ಆ ಫೋನು ಬೋರ್ಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ರೋಮ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅಂತ ಇರುವುದೂ ಅದೇ ಜಾತಿ. ಕೆಲವು ಟಿವಿಗಳು ತಯಾರಿಸಿದವರು ಬರೆದಿಟ್ಟ ನಂಬರನ್ನೇ ಕೇಳುತ್ತವೆ, ರೂಟರ್ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಥ ಟಿವಿಗೆ ಮದ್ದು ಒಳ್ಳೆಯ ರೂಟರಿನಲ್ಲಿ ಮಾತ್ರ ಸಿಗುತ್ತದೆ. ಸದ್ಯಕ್ಕೆ ಅದನ್ನು ಬಿಟ್ಟುಬಿಡಿ.

ಇಷ್ಟೆಲ್ಲ ನೋಡಿಕೊಂಡ ಮೇಲೂ ಅಂಗಡಿಗೆ ಓಡಬೇಡಿ. ಡಬ್ಬಿ ಡಿಎನ್‌ಎಸ್ ಬದಲಿಸಲು ಬಿಡುತ್ತದೆ ಅನ್ನೋದಾದರೆ ಅಲ್ಲಿ 94.140.14.14 ಮತ್ತು 94.140.15.15 ಹಾಕಿ ಒಂದು ವಾರ ಬಿಡಿ. ಇವು ಆಡ್‌ಗಾರ್ಡ್ ಕಂಪನಿ ಎಲ್ಲರಿಗೂ ಉಚಿತವಾಗಿ ಕೊಡುವ ಡಿಎನ್‌ಎಸ್ ವಿಳಾಸಗಳು. ಜಾಹೀರಾತಿನ ಹೆಸರುಗಳನ್ನು ಅವರೇ ತಡೆಯುತ್ತಾರೆ. ಬೋರ್ಡು ಬೇಡ, ಕರೆಂಟಿನ ಚಿಂತೆ ಇಲ್ಲ. ಕಳೆದುಕೊಳ್ಳುವುದು ಏನು? ಮನೆಯವರೆಲ್ಲ ಕೇಳುವ ಹೆಸರುಗಳು ಹೊರಗಿನ ಕಂಪನಿಯ ಕೈಗೆ ಹೋಗುತ್ತವೆ. ಯಾವುದೋ ಒಂದು ಸೈಟು ತೆರೆಯದಿದ್ದರೆ ಅದೊಂದಕ್ಕೆ ಬಿಡುವು ಕೊಡಲು ಆಗುವುದಿಲ್ಲ. ತಂದೆಯವರ ಫೋನಿಗೆ ಒಂದು ನಿಯಮ, ಮಕ್ಕಳ ಟ್ಯಾಬಿಗೆ ಇನ್ನೊಂದು ನಿಯಮ ಅಂತ ಮಾಡಲೂ ಆಗುವುದಿಲ್ಲ. ಈ ಮೂರೂ ನಿಮಗೆ ಬೇಕಾಗಿಲ್ಲ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಎಷ್ಟೋ ಮನೆಗಳಿಗೆ ಅಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ, ಇಂಜಿನಿಯರಿಂಗ್ ಹುಡುಗರಿಗೆ ಇದು ರುಚಿಸುವುದಿಲ್ಲ.

ನಿಮ್ಮ ತಂದೆಯವರ ಫೋನಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಆ ವೈರಸ್ ಪುಟಗಳಲ್ಲಿ ಹಲವು ಜಾಹೀರಾತಿನ ಜಾಲದಿಂದ ಬರುತ್ತವೆ, ಅವನ್ನು ಬೋರ್ಡು ತಡೆಯುತ್ತದೆ. ಆದರೆ ಹಿರಿಯರ ಫೋನುಗಳಲ್ಲಿ ಇನ್ನೊಂದು ಬಾಧೆ ಇರುತ್ತದೆ. ಯಾವುದೋ ಸೈಟು "ನೋಟಿಫಿಕೇಶನ್ ಕಳಿಸಲೇ?" ಅಂತ ಕೇಳಿದಾಗ ಅವರು ಹೂಂ ಅಂದುಬಿಟ್ಟಿರುತ್ತಾರೆ. ಆಮೇಲೆ ದಿನವಿಡೀ ಮೇಲಿನಿಂದ ಇಳಿಯುವ "ವೈರಸ್", "ಲೋನ್ ಮಂಜೂರಾಗಿದೆ" ಎಲ್ಲ ಆ ಸೈಟಿನವೇ. ಅವು ಗೂಗಲ್‌ನ ನೋಟಿಫಿಕೇಶನ್ ದಾರಿಯಲ್ಲೇ ಬರುವುದರಿಂದ ಬೋರ್ಡು ಏನೂ ಮಾಡಲಾರದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ಸೈಟುಗಳ ಪಟ್ಟಿ ಇದೆ, ಗುರುತಿಲ್ಲದವನ್ನೆಲ್ಲ ತೆಗೆದುಹಾಕಿ. ಜೊತೆಗೆ ಅವರಿಗೆ ಫೈರ್‌ಫಾಕ್ಸ್ ಹಾಕಿಕೊಟ್ಟು ಅದರಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಆಡ್-ಆನ್ ಸೇರಿಸಿ, ಆಂಡ್ರಾಯ್ಡಿನಲ್ಲೂ ಅದು ನಡೆಯುತ್ತದೆ. ಬೋರ್ಡು ಜಾಹೀರಾತು ತಡೆದರೂ ಪುಟದಲ್ಲಿ ಅದರ ಖಾಲಿ ಚೌಕ ಹಲವು ಸಲ ಹಾಗೇ ಉಳಿದುಬಿಡುತ್ತದೆ. ಯುಬ್ಲಾಕ್ ಆ ಚೌಕವನ್ನೂ ತೆಗೆಯುತ್ತದೆ. ಸುದ್ದಿ ಓದುವವರಿಗೆ ಅದರ ಹಿತವೇ ಬೇರೆ.

ಸರಿ, ಡಬ್ಬಿ ಒಪ್ಪಿತು, ಮನೆಯಲ್ಲಿ ನಿಯಮಗಳೂ ಬೇಕು, ಹುಡುಗನಿಗೂ ಉತ್ಸಾಹ ಇದೆ ಅಂದುಕೊಳ್ಳೋಣ. ಯಾವ ಬೋರ್ಡು? ರಾಸ್ಪ್‌ಬೆರಿ ಪೈ ಶುರುವಾದದ್ದು 2012ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಮಕ್ಕಳು ಕಡಿಮೆ ಖರ್ಚಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲಿ ಅಂತ. ಅದರ ಎಷ್ಟೋ ಮಾದರಿ ಬಂದಿವೆ. 2023ರ ಪೈ 5 ಈ ಕೆಲಸಕ್ಕೆ ದಂಡ. 2016ರ ಪೈ 3 ಧಾರಾಳವಾಗಿ ಸಾಕು. ಪೈ-ಹೋಲ್‌ಗೆ ಬೇಕಾಗಿರುವುದು 512 ಎಂಬಿ ರ‍್ಯಾಮು, ಕಾರ್ಡಿನಲ್ಲಿ 4 ಜಿಬಿ ಜಾಗ. 2021ರಲ್ಲಿ 15 ಡಾಲರಿಗೆ ಬಿಟ್ಟ ಝೀರೋ 2 ಡಬ್ಲ್ಯೂ ಬೋರ್ಡಿನಲ್ಲಿ ಸರಿಯಾಗಿ ಅಷ್ಟೇ ರ‍್ಯಾಮಿದೆ. ಆದರೆ ಅದಕ್ಕೆ ನೆಟ್‌ವರ್ಕ್ ತಂತಿ ಹಾಕುವ ಜಾಗ ಇಲ್ಲ, ವೈಫೈ ಮೇಲೆಯೇ ನಡೆಯಬೇಕು. ನನ್ನ ಆಯ್ಕೆ ತಂತಿ ಇರುವ ಪೈ 3. ಇಡೀ ಮನೆ ನಂಬಿಕೊಂಡಿರುವ ಕೆಲಸವನ್ನು ವೈಫೈ ಮೇಲೆ ಬಿಡಲು ನನಗೆ ಮನಸ್ಸಿಲ್ಲ. ಹೊಸದನ್ನೇ ಕೊಳ್ಳಬೇಕು ಅಂತಲೂ ಇಲ್ಲ. ನಿಮ್ಮ ಹುಡುಗ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆ ಕೇಳಲಿ. ವಿದ್ಯಾನಗರದ ಕಡೆಯ ಹಾಸ್ಟೆಲು, ರೂಮುಗಳಲ್ಲಿ ಕೊನೆ ವರ್ಷದ ಪ್ರಾಜೆಕ್ಟ್ ಮುಗಿದ ಮೇಲೆ ಮೂಲೆ ಸೇರಿದ ಬೋರ್ಡು ಯಾರ ಹತ್ತಿರವಾದರೂ ಇದ್ದೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಬೋರ್ಡು ತನ್ನಿ, ಮೆಮೊರಿ ಕಾರ್ಡು ಮತ್ತು ಅಡಾಪ್ಟರ್ ಮಾತ್ರ ಹೊಸದೇ ಇರಲಿ. ಕೈಗೆ ಸಿಕ್ಕ ಮೊಬೈಲ್ ಚಾರ್ಜರ್ ಹಾಕಿ, ಆಮೇಲೆ ಬೋರ್ಡು ಆಗಾಗ ಸ್ತಬ್ಧವಾಗುತ್ತೆ ಅಂತ ಸಾಫ್ಟ್‌ವೇರನ್ನು ಬೈಯುವವರನ್ನು ಕಂಡಿದ್ದೇನೆ. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್ ಬೇಕು, ವೈರೂ ಗಟ್ಟಿಯಾಗಿರಬೇಕು. ರೂಟರಿನ ಹಿಂದಿರುವ ಯುಎಸ್‌ಬಿ ಕಿಂಡಿಯಿಂದ ಕರೆಂಟ್ ಕೊಡುವುದು ನೋಡಲು ಚೆಂದ, ನಂಬಲು ಅಲ್ಲ.

ಸಾಫ್ಟ್‌ವೇರ್ ಹಾಕುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹುಡುಗನಿಗೆ ಅದು ಗೊತ್ತಾಗುತ್ತದೆ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಸಾಫ್ಟ್‌ವೇರಿನಿಂದ ಕಾರ್ಡಿಗೆ ಬೋರ್ಡಿನ ಆಪರೇಟಿಂಗ್ ಸಿಸ್ಟಮ್ಮಿನ ಲೈಟ್ ಆವೃತ್ತಿ ಬರೆಯಬೇಕು. ಬರೆಯುವ ಮೊದಲೇ ಅದರಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಬೋರ್ಡಿನೊಳಗೆ ಹೋಗುವ ದಾರಿ) ಎಲ್ಲ ತುಂಬಬಹುದು. ಹಿಂದೆ ಇದ್ದ ಎಲ್ಲರಿಗೂ ಗೊತ್ತಿರುವ ಯೂಸರ್ ಹೆಸರು, ಪಾಸ್‌ವರ್ಡ್ ಜೋಡಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ವಿಡಿಯೋ ನೋಡಿಕೊಂಡು ಮಾಡಿದರೆ ಇಲ್ಲಿ ಸಿಕ್ಕಿಕೊಳ್ಳುತ್ತೀರಿ. ಆಮೇಲೆ ಪೈ-ಹೋಲ್‌ನವರ ಸೈಟಿನಲ್ಲಿ ಕೊಟ್ಟಿರುವ ಒಂದು ಸಾಲಿನ ಕಮಾಂಡು. ರೂಟರಿನಲ್ಲಿ ಬೋರ್ಡಿಗೆ ಒಂದೇ ವಿಳಾಸ ಕಾಯಂ ಮಾಡಿ, ಇಲ್ಲವಾದರೆ ಒಂದು ದಿನ ವಿಳಾಸ ಬದಲಾಗಿ ಮನೆಯ ನೆಟ್ಟೆಲ್ಲ ನಿಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ಪೈ-ಹೋಲ್‌ನ 6ನೇ ಆವೃತ್ತಿ ಬಂತು. ಅದರಲ್ಲಿ ವೆಬ್ ಸರ್ವರ್ ಒಳಗೇ ಸೇರಿದೆ, ಬೋರ್ಡಿನ ಮೇಲೆ ಹೊರೆ ಇನ್ನೂ ಕಡಿಮೆ.

ಪಟ್ಟಿಗಳ ವಿಷಯದಲ್ಲಿ ಆಸೆ ಬೇಡ. ಪೈ-ಹೋಲ್ ಹಾಕುವಾಗಲೇ ಒಂದು ಪಟ್ಟಿ ಬರುತ್ತದೆ. ಜಗತ್ತಿನ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿ "ನಮ್ಮದು ಐವತ್ತು ಲಕ್ಷ ಹೆಸರು" ಅಂತ ಹೇಳಿಕೊಳ್ಳುವುದರಲ್ಲಿ ಏನೂ ಇಲ್ಲ. ಜಾಹೀರಾತು ಅಷ್ಟೇನೂ ಹೆಚ್ಚು ನಿಲ್ಲುವುದಿಲ್ಲ, ಬ್ಯಾಂಕಿನ ಪುಟ ಮಾತ್ರ ನಿಲ್ಲುತ್ತದೆ.

ಕರೆಂಟಿನ ಪ್ರಶ್ನೆಗೆ ಬರೋಣ. ಮೊದಲು ಬಿಲ್ಲು. ಈ ಬೋರ್ಡು ಸುಮಾರು 2 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ ದಿನದ 24 ತಾಸು, ತಿಂಗಳ 30 ದಿನ ಓಡಿದರೂ 1.44 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ.

ಚಿಂತೆ ಇರುವುದು ಕರೆಂಟ್ ಹೋಗಿ ಬರುವುದರಲ್ಲಿ. ಮಳೆಗಾಲದ ಮೊದಲ ಗಾಳಿಗೆ ಹುಬ್ಬಳ್ಳಿಯಲ್ಲಿ ಒಂದೇ ಸಂಜೆ ನಾಲ್ಕೈದು ಸಲ ಹೋಗಿ ಬಂದರೆ ಯಾರಿಗೂ ಆಶ್ಚರ್ಯ ಇಲ್ಲ. ರೂಟರಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಆದರೆ ಬೋರ್ಡು ಮೆಮೊರಿ ಕಾರ್ಡಿನ ಮೇಲೆ ಏನೋ ಬರೆಯುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ ಕಾರ್ಡಿನಲ್ಲಿರುವುದು ಕೆಡಬಹುದು. ಪ್ರತಿ ಸಲ ಹೀಗಾಗುವುದಿಲ್ಲ. ಆದರೆ ಕೆಟ್ಟ ದಿನ ಬೋರ್ಡು ಏಳುವುದೇ ಇಲ್ಲ.

ಇದಕ್ಕೆ ಮೊದಲ ಉಪಾಯ ಬರೆಯುವುದನ್ನೇ ಕಡಿಮೆ ಮಾಡುವುದು. ಯಾರು ಯಾವಾಗ ಯಾವ ಹೆಸರು ಕೇಳಿದರು ಅಂತ ಪೈ-ಹೋಲ್ ತಿಂಗಳುಗಟ್ಟಲೆ ದಾಖಲೆ ಇಡುತ್ತದೆ. ನಿಮಗೆ ಅದು ಬೇಕಾಗಿಲ್ಲ. ಸೆಟ್ಟಿಂಗಿನಲ್ಲಿ ಕೆಲವೇ ದಿನಗಳಿಗೆ ಇಳಿಸಿ, ಪದೇ ಪದೇ ಕಾರ್ಡಿಗೆ ಬರೆಯುವ ಅಂತರವನ್ನೂ ಹೆಚ್ಚಿಸಿ. ಕಾರ್ಡು ಕೊಳ್ಳುವಾಗ ಕಾರಿನ ಡ್ಯಾಶ್ ಕ್ಯಾಮೆರಾಗೆ ಅಂತ ಮಾರುವ ಹೈ ಎಂಡ್ಯೂರೆನ್ಸ್ ಕಾರ್ಡು ಕೇಳಿ, ಪದೇ ಪದೇ ಬರೆಯುವುದನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಎಲ್ಲ ಸರಿಯಾಗಿ ಓಡಲು ಶುರುವಾದ ದಿನ ಟೆಲಿಪೋರ್ಟರ್ ಎಂಬ ಪುಟದಿಂದ ಸೆಟ್ಟಿಂಗುಗಳ ಫೈಲ್ ಇಳಿಸಿಕೊಂಡು ನಿಮಗೆ ನೀವೇ ಮೇಲ್ ಮಾಡಿಟ್ಟುಕೊಳ್ಳಿ. ಕಾರ್ಡು ಕೆಟ್ಟರೆ ಹೊಸ ಕಾರ್ಡಿಗೆ ಪೈ-ಹೋಲ್ ಹಾಕಿ ಆ ಫೈಲ್ ಕೊಟ್ಟರೆ ನಿಯಮಗಳೆಲ್ಲ ವಾಪಸ್.

ಇನ್ನು ಬ್ಯಾಟರಿ. ರೂಟರಿಗೆ ಅಂತ ಮಿನಿ ಯುಪಿಎಸ್ ಸಿಗುತ್ತವೆ, ಕೆಲವದರಲ್ಲಿ 12 ವೋಲ್ಟಿನ ಜೊತೆಗೆ 5 ವೋಲ್ಟಿನ ಯುಎಸ್‌ಬಿಯೂ ಇರುತ್ತದೆ. ಅದು ಎಷ್ಟು ಆಂಪಿಯರ್ ಕೊಡುತ್ತದೆ ಅಂತ ನೋಡಿ ತೆಗೆದುಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದೂ ಬೇಡ. ಆದರೆ ಒಂದು ಮಾತು: ಫೈಬರ್ ಡಬ್ಬಿ, ರೂಟರ್, ಬೋರ್ಡು ಮೂರೂ ಇನ್ವರ್ಟರಿನ ಪಾಯಿಂಟಿನಲ್ಲೇ ಇರಬೇಕು. ಡಬ್ಬಿ ಇನ್ವರ್ಟರಿನಲ್ಲಿ, ಬೋರ್ಡು ಪಕ್ಕದ ಸಾದಾ ಪಾಯಿಂಟಿನಲ್ಲಿ ಇದ್ದರೆ ಕರೆಂಟ್ ಹೋದ ಕೂಡಲೇ ವಿಚಿತ್ರ ನಡೆಯುತ್ತದೆ. ವೈಫೈ ಕಡ್ಡಿ ಪೂರ್ತಿ ಇದೆ, ಡಬ್ಬಿಯಲ್ಲಿ ಹಸಿರು ದೀಪ ಇದೆ, ಒಂದು ಪುಟವೂ ತೆರೆಯುವುದಿಲ್ಲ. ಹೆಸರು ಹೇಳುವವರೇ ಮಲಗಿದ್ದಾರಲ್ಲ. ನೆಟ್‌ನವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತ್ರಿ" ಅಂತಾರೆ. ಅವರು ಹೇಳುವುದೂ ಖರೆ.

ಬೋರ್ಡು ಇಟ್ಟ ಮೊದಲ ವಾರ ಮನೆಯಲ್ಲಿ ದೂರುಗಳು ಬರುತ್ತವೆ, ಸಿದ್ಧರಾಗಿರಿ. ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಅಂಗಡಿ ಲಿಂಕುಗಳು ತೆರೆಯುವುದಿಲ್ಲ, ಅವು ಜಾಹೀರಾತಿನ ಹೆಸರಿನ ಮೂಲಕವೇ ಹೋಗುತ್ತವೆ. ಆಫರ್ ಅಂತ ಬಂದ ಎಸ್‌ಎಂಎಸ್ ಲಿಂಕು ತೆರೆಯದಿರಬಹುದು. ಗೇಮಿನಲ್ಲಿ "ಜಾಹೀರಾತು ನೋಡಿ ನಾಣ್ಯ ಗಳಿಸಿ" ಅನ್ನೋದು ನಿಲ್ಲುತ್ತದೆ, ಮಕ್ಕಳು ಮೊದಲು ಜಗಳ ತೆಗೆಯುವುದು ಇದಕ್ಕೇ. ಪೈ-ಹೋಲ್‌ನ ಪುಟದಲ್ಲಿ ಯಾವ ಹೆಸರು ತಡೆಯಾಯಿತು ಅಂತ ಕೆಂಪಿನಲ್ಲಿ ಕಾಣುತ್ತದೆ, ಅಲ್ಲೇ ಒತ್ತಿ ಬಿಟ್ಟುಕೊಡಬಹುದು. ಅವಸರವಿದ್ದರೆ ಐದು ನಿಮಿಷ ಎಲ್ಲ ತಡೆಯನ್ನೂ ನಿಲ್ಲಿಸುವ ಗುಂಡಿ ಇದೆ. ಆ ಪುಟವನ್ನು ನಿಮ್ಮ ಮನೆಯವರ ಫೋನಿನಲ್ಲೂ ಉಳಿಸಿಕೊಡಿ, ಹುಡುಗ ಕಾಲೇಜಿನಿಂದ ಬರುವವರೆಗೆ ಕಾಯುವಂತಾಗಬಾರದು. ಯಾರಿಗಾದರೂ ಈ ಕಿರಿಕಿರಿಯೇ ಬೇಡ ಅನ್ನಿಸಿದರೆ ಅವರ ಫೋನನ್ನು ಬೇರೆ ಗುಂಪಿಗೆ ಹಾಕಿ ತಡೆ ಇಲ್ಲದಂತೆ ಮಾಡಬಹುದು. ಅದಕ್ಕೆ ಮೊದಲು ಆ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಮ್ಯಾಕ್ ವಿಳಾಸ, ಅಂದರೆ ವೈಫೈನಲ್ಲಿ ಆ ಫೋನಿನ ಗುರುತಿನ ಸಂಖ್ಯೆ, ಬದಲಾಗುತ್ತಾ ಇರುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಪೈ-ಹೋಲ್‌ಗೆ ಅದು ಪ್ರತಿ ಸಲ ಹೊಸ ಫೋನು.

ಕೂಡು ಕುಟುಂಬ ಅಂದಿರಿ, ಅದಕ್ಕೇ ಇದನ್ನು ಬಿಚ್ಚಿ ಹೇಳುತ್ತೇನೆ. ಬೋರ್ಡಿನ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರಿಗೆ ಮನೆಯ ಪ್ರತಿಯೊಬ್ಬರ ಫೋನು ರಾತ್ರಿ ಹನ್ನೊಂದಕ್ಕೆ ಯಾವ ಸೈಟು ಕೇಳಿತು ಅಂತ ಕಾಣುತ್ತದೆ. ಪುಟದೊಳಗೆ ಏನಿದೆ ಅಂತ ಕಾಣುವುದಿಲ್ಲ, ಸೈಟಿನ ಹೆಸರು ಕಂಡರೇ ಸಾಕಲ್ವಾ? ಯಾವ ಆಸ್ಪತ್ರೆ, ಯಾವ ಸಾಲದ ಆ್ಯಪು, ಯಾವ ಮದುವೆ ಸೈಟು ಅಂತ ಅಣ್ಣನ ಮಗ ನೋಡಬೇಕಾದ ಅಗತ್ಯವಿಲ್ಲ. ಪೈ-ಹೋಲ್‌ನಲ್ಲಿ ಖಾಸಗಿತನದ ಹಂತಗಳಿವೆ. ಯಾರು ಕೇಳಿದರು, ಏನು ಕೇಳಿದರು ಎರಡನ್ನೂ ಮುಚ್ಚಿ, ಒಟ್ಟು ಲೆಕ್ಕ ಮಾತ್ರ ತೋರಿಸುವ ಹಂತ ಇದೆ. ಮೊದಲ ಒಂದೆರಡು ವಾರ ದೂರು ಪರಿಹರಿಸಲು ದಾಖಲೆ ತೆರೆದಿರಲಿ, ಮನೆಯವರಿಗೆ ಹೇಳಿಯೇ ಇರಲಿ. ಆಮೇಲೆ ಮುಚ್ಚಿಬಿಡಿ.

"ಪತ್ರಿಕೆಯವರು ಜಾಹೀರಾತಿನಿಂದಲೇ ಬದುಕುತ್ತಾರಲ್ಲ, ನಮ್ಮ ಭಾಗದ ಪತ್ರಿಕೆಯ ಸೈಟಿಗೆ ಮಾತ್ರ ಜಾಹೀರಾತು ಬಿಡಬಹುದೇ?" ಅಂತ ಕೆಲವರು ಒಳ್ಳೆಯ ಮನಸ್ಸಿನಿಂದ ಕೇಳುತ್ತಾರೆ. ಬೋರ್ಡಿನಲ್ಲಿ ಆಗುವುದಿಲ್ಲ. ಜಾಹೀರಾತಿನ ಹೆಸರನ್ನು ಯಾವ ಪುಟಕ್ಕಾಗಿ ಕೇಳುತ್ತಿದ್ದಾರೆ ಅಂತ ಡಿಎನ್‌ಎಸ್‌ಗೆ ತಿಳಿಯುವುದೇ ಇಲ್ಲ. ಬಿಟ್ಟರೆ ಎಲ್ಲ ಸೈಟಿಗೂ ಬಿಡಬೇಕು. ಯುಬ್ಲಾಕ್‌ನಲ್ಲಾದರೆ ಒಂದು ಸೈಟಿಗೆ ಮಾತ್ರ ಬಿಡುವು ಕೊಡಬಹುದು. ನನ್ನನ್ನು ಕೇಳಿದರೆ ಮನೆಗೆ ಪೇಪರ್ ಹಾಕಿಸಿಕೊಳ್ಳಿ, ನಿಮ್ಮ ತಂದೆಯವರಿಗೂ ಅದೇ ಇಷ್ಟವಾಗಬಹುದು.

ಮನೆಯಿಂದ ಹೊರಗೆ ಹೋಗಿ ಮೊಬೈಲ್ ಡೇಟಾ ಹಾಕಿದರೆ ಬೋರ್ಡಿಗೂ ಫೋನಿಗೂ ಸಂಬಂಧ ಇಲ್ಲ, ಜಾಹೀರಾತು ವಾಪಸ್ ಬರುತ್ತದೆ. ಹುಡುಗ ಉತ್ಸಾಹದಲ್ಲಿ ರೂಟರಿನ 53ನೇ ಪೋರ್ಟನ್ನು, ಅಂದರೆ ಡಿಎನ್‌ಎಸ್ ಪ್ರಶ್ನೆಗಳು ಬರುವ ಬಾಗಿಲನ್ನು, ಹೊರಗೆ ತೆರೆದು "ಎಲ್ಲಿಂದಲಾದರೂ ಬಳಸಬಹುದು" ಅಂದರೆ ಬಿಡಬೇಡಿ. ಹಾಗೆ ತೆರೆದಿಟ್ಟ ಡಿಎನ್‌ಎಸ್‌ಗಳನ್ನು ಹುಡುಕಿ, ಬೇರೆಯವರ ಮೇಲೆ ದಾಳಿ ಮಾಡಲು ಬಳಸುವವರಿದ್ದಾರೆ. ಬೇಕೇ ಬೇಕು ಅನ್ನುವುದಾದರೆ ಟೇಲ್‌ಸ್ಕೇಲ್ ಥರದ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಸೇರುವ ಖಾಸಗಿ ದಾರಿಯ ಮೂಲಕ ಮಾಡಲಿ, ಅದಕ್ಕೆ ಯಾವ ಪೋರ್ಟೂ ತೆರೆಯಬೇಕಾಗಿಲ್ಲ.

ಹುಡುಗನ ಓದು ಮುಗಿದು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗುವ ದಿನ ಬರುತ್ತದೆ. ಅದಕ್ಕೆ ಮೊದಲೇ ಅವನ ಕೈಯಲ್ಲಿ ಒಂದು ಹಾಳೆ ಬರೆಸಿ ರೂಟರಿನ ಹಿಂದಿನ ಗೋಡೆಗೆ ಅಂಟಿಸಿಡಿ. ರೂಟರಿನ ವಿಳಾಸ, ಅದರ ಪಾಸ್‌ವರ್ಡ್, ಬೋರ್ಡಿನ ವಿಳಾಸ, ಡಿಎನ್‌ಎಸ್ ಇರುವ ಪುಟ ಎಲ್ಲಿದೆ ಅಂತ ಅದರಲ್ಲಿರಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ: "ನೆಟ್ ನಡೆಯದಿದ್ದರೆ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿ, ರೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ."